ಲ್ಯಾಪ್‌ಟಾಪಿನೊಳಗೆ ಹಳದಿ

ಸ್ಕ್ರೂ ಹತ್ತು ಇರುತ್ತವೆ ಎಂದು ರಿಪೇರಿ ಅಂಗಡಿಯ ಫಯಾಜ ಹೇಳಿದ್ದ. ಸುಭಾಷನಿಗೆ ಸಿಕ್ಕಿದ್ದು ಎಂಟು. ಭಾನುವಾರ ಮಧ್ಯಾಹ್ನ, ವಿಜಯಪುರದ ಬಬಲೇಶ್ವರ ನಾಕಾದ ಹಿಂದಿನ ಎರಡನೇ ಓಣಿಯ ತನ್ನ ಮನೆಯ ಪಡಸಾಲೆಯಲ್ಲಿ ಹಳೆಯ ಧೋತರ ಹಾಸಿ, ಅದರ ಮೇಲೆ ಲ್ಯಾಪ್‌ಟಾಪನ್ನು ಬೋರಲು ಮಲಗಿಸಿಕೊಂಡು ಅವನು ಮೂರನೇ ಸಲ ಎಣಿಸಿದ. ಎಂಟೇ. ಬೇರೆ ಯಾರಾದರೂ ಆಗಿದ್ದರೆ ಬಿಚ್ಚಿದ ಸ್ಕ್ರೂಗಳನ್ನು ಒಂದು ಬಟ್ಟಲಿಗೆ ಹಾಕಿ ಮುಂದಿನ ಕೆಲಸ ನೋಡುತ್ತಿದ್ದರು. ಆದರೆ ಹದಿನಾರು ವರ್ಷ ಊರೂರು ತಿರುಗಿ ಹೊಲ ಅಳೆದ ಕೈ ಅದು. ಅಳೆಯದೆ ಯಾವುದನ್ನೂ ಮುಟ್ಟಲಾರದು. ಅವನು ಮೊದಲು ಒಂದು ಬಿಳಿ ಹಾಳೆಯ ಮೇಲೆ ಲ್ಯಾಪ್‌ಟಾಪಿನ ಬೆನ್ನಿನ ನಕ್ಷೆ ಬರೆದಿದ್ದ. ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣವನ್ನೂ ಹಾಕಿದ್ದ, ಯಾಕೆ ಹಾಕಿದೆ ಎಂದು ಆಮೇಲೆ ಅವನಿಗೇ ನಗು ಬಂದಿತ್ತು. ಹೊಲದ ಹದ್ದುಗಲ್ಲು ಗುರುತಿಸುವ ಹಾಗೆ ಒಂದೊಂದು ಸ್ಕ್ರೂ ಇದ್ದ ಜಾಗಕ್ಕೆ ಒಂದೊಂದು ಸೊನ್ನೆ ಸುತ್ತಿ, ಬಿಚ್ಚಿದ್ದನ್ನು ಅದೇ ಸೊನ್ನೆಯ ಮೇಲೆ ನಿಲ್ಲಿಸುತ್ತ ಬಂದಿದ್ದ. ನಕ್ಷೆಯ ದಕ್ಷಿಣದ ಗಡಿಯಲ್ಲಿ ಮಾತ್ರ ಒಂದೂ ಕಲ್ಲಿಲ್ಲ. ಇಷ್ಟುದ್ದದ ಗಡಿಗೆ ಕಲ್ಲಿಲ್ಲ ಎಂದರೆ ಅದನ್ನು ಯಾರೋ ಮುಚ್ಚಿರಬೇಕು ಎಂದು ಅವನ ಕಸುಬು ಅವನಿಗೆ ಹೇಳಿತು. ಆ ಅಂಚಿಗೆ ಅಂಟಿಸಿದ್ದ ರಬ್ಬರಿನ ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿ ನೋಡಿದ. ಕೆಳಗೆ ಎರಡು ಸ್ಕ್ರೂ ಏನೂ ಆಗದವರ ಹಾಗೆ ಕೂತಿದ್ದವು. ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಸಿಕ್ಕವು ನೋಡು ಎಂದು ಒಳಕೋಣೆಯ ಕಡೆಗೆ ಕೂಗಲು ಬಾಯಿ ತೆರೆದ. ಒಳಗಿರುವುದು ಅವ್ವ, ಗುರುವಾರ ಸಂಜೆಯಿಂದ ತಾವಿಬ್ಬರೂ ಮಾತಾಡಿಲ್ಲ ಎಂಬುದು ನೆನಪಾಗಿ ಬಾಯಿ ಮುಚ್ಚಿದ.

ಒಳಗೆ ಸಕ್ರವ್ವ ತನ್ನ ಸೀರೆಗಳನ್ನು ಮಡಚುತ್ತಿದ್ದಳು. ನಾಳೆ ಬೆಳಿಗ್ಗೆ ಹಿರಿಯ ಮಗ ರೇವಪ್ಪ ಜೀಪು ತಂದು ಆಕೆಯನ್ನು ತಮ್ಮ ಹಳ್ಳಿ ಕನಮಡಿಗೆ ಕರೆದುಕೊಂಡು ಹೋಗುವವನಿದ್ದ. ಹತ್ತು ದಿನ ಇದ್ದು ಬರುತ್ತೇನೆ ಎಂದು ಆಕೆ ಹೇಳಿದ್ದರೆ ಅದು ಬೇರೆ. ಆಕೆ ಏನೂ ಹೇಳದೆ ಗೋಡೆಯ ಮೇಲಿನ ಕುಲದೇವರು ಅಮೋಘಸಿದ್ಧನ ಫೋಟೊ ಇಳಿಸಿ ಸೆರಗಿನಿಂದ ಒರೆಸಿ ಇಟ್ಟುಕೊಂಡಿದ್ದಳು. ಫೋಟೊ ಇಳಿದ ಮೇಲೆ ಆಕೆ ತಿರುಗಿ ಬರುವುದಿಲ್ಲ ಎಂಬುದು ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತನ್ನ ಅಣ್ಣನ ಮಗುವಿನ ತೊಟ್ಟಿಲ ಕಾರ್ಯಕ್ಕೆಂದು ಮಗಳನ್ನು ಕರೆದುಕೊಂಡು ಬಬಲೇಶ್ವರಕ್ಕೆ ಹೊರಟಿದ್ದ ಹೆಂಡತಿ ಮಹಾನಂದಾ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ, “ನಾ ಬರೂದ್ರೊಳಗ ಅತ್ತಿಗೆ ಒಂದ ಮಾತು ಹೇಳ್ರಿ. ಮಷೀನು ಆಮ್ಯಾಲ ಬಿಚ್ಚೀರಂತ,” ಎಂದಿದ್ದಳು. ಸುಭಾಷ ಹೂಂ ಎಂದಿದ್ದ. ಹೂಂ ಎಂದವನು ಮೊದಲು ಮಷೀನನ್ನೇ ಬಿಚ್ಚಿದ್ದ. ಮಷೀನು ಬಿಚ್ಚಲು ಎಲ್ಲಿಂದ ಶುರು ಮಾಡಬೇಕೆಂದು ವಿಡಿಯೊಗಳಿದ್ದವು, ನಾಲ್ಕು ನೋಡಿದ್ದ. ಅವ್ವನ ಹತ್ತಿರ ಎಲ್ಲಿಂದ ಶುರು ಮಾಡಬೇಕೆಂದು ಅವನಿಗೆ ತಿಳಿದಿರಲಿಲ್ಲ.

ಗುರುವಾರ ತಿಕೋಟಾದ ಹೊರಗೆ ಒಂದು ದ್ರಾಕ್ಷಿ ತೋಟ. ಅಣ್ಣ ತಮ್ಮ ಪಾಲಾಗುವವರು. ಇಬ್ಬರ ಮನೆಯವರೂ ಹೊರಸಿನ ಸುತ್ತ ನಿಂತು ಹೊರಸಿನ ಮೇಲಿಟ್ಟ ಲ್ಯಾಪ್‌ಟಾಪಿನ ಪರದೆಯನ್ನು ನೋಡುತ್ತಿದ್ದರು. ಗೆರೆ ಮೂರನೇ ಮೂಲೆಗೆ ಬಂತು, ಬಾವಿ ಯಾರ ಕಡೆ ಬೀಳುತ್ತದೆ ಎಂಬುದು ಇನ್ನೇನು ಕಾಣಬೇಕು, ಪರದೆ ಕಪ್ಪಾಯಿತು. ಲ್ಯಾಪ್‌ಟಾಪಿನ ತಳ ಮುಟ್ಟಿದರೆ ಕಾದ ಹಂಚು. ನೆರಳಿಗೆ ಒಯ್ದು, ಗಾಳಿ ಹಾಕಿ, ಮತ್ತೆ ಶುರು ಮಾಡಿದರೆ ಅದೇ ಮೂಲೆಗೆ ಬಂದು ಮತ್ತೆ ಕಪ್ಪಾಯಿತು. ಆಗ ತಮ್ಮನಾದವನು, “ಏನ್ರಿ ಸರ್, ನಿಮ್ಮ ಕುರಿ ಮಲಕ್ಕೊಂತೇನ್ರಿ?” ಎಂದ. ಎಲ್ಲರೂ ನಕ್ಕರು. ಸುಭಾಷನೂ ನಕ್ಕ, ಎಲ್ಲರಿಗಿಂತ ಸ್ವಲ್ಪ ಹೆಚ್ಚೇ ನಕ್ಕ. ಆಮೇಲೆ ಬಸ್ಸಿನಲ್ಲಿ ವಿಜಯಪುರದ ತನಕ ಅದೊಂದೇ ವಿಚಾರ. ಅವನಿಗೆ ಗೊತ್ತಿದ್ದೇ ಅಂದನೋ, ಸುಮ್ಮನೆ ಬಾಯಿಗೆ ಬಂತೋ? ಎಮ್ಮೆ ಎನ್ನಬಹುದಿತ್ತು, ಎತ್ತು ಎನ್ನಬಹುದಿತ್ತು, ಕುರಿಯೇ ಯಾಕೆ? ತನ್ನ ಅಪ್ಪ ಸಿದ್ದರಾಯ ಕನಮಡಿಯ ಸುತ್ತ ಮೂವತ್ತು ವರ್ಷ ಕುರಿ ಕಾದದ್ದು ತನ್ನ ಮುಖದ ಮೇಲೆ ಎಲ್ಲಾದರೂ ಬರೆದಿದೆಯೋ ಎಂದು ಕಿಟಕಿಯ ಗಾಜಿನಲ್ಲಿ ನೋಡಿಕೊಂಡ. ಗಾಜಿನಲ್ಲಿ ಧೂಳಿತ್ತು. ಮನೆಗೆ ಬಂದು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಕಾಲು ತೊಳೆದು ಬರುವುದರೊಳಗೆ ಅವ್ವ ಅದರ ಮೇಲೆ ಅಂಗೈ ಇಟ್ಟು ನಿಂತಿದ್ದಳು. “ಇದಕ್ಕ ಏನಾಗೇತಿ ಯಪ್ಪಾ? ಹಿಂಗ್ಯಾಕ ಸುಡಾಕತ್ತೈತಿ?” ಎಂದಳು. “ನಿನಗ ಹೇಳಿ ಏನ್ ಉಪಯೋಗ ಬೇ? ಅದೇನು ನಿನ್ನ ಕುರಿ ಅಲ್ಲ. ಕೈ ತಗಿ,” ಎಂದ ಅವನು. ಮಧ್ಯಾಹ್ನ ಎರಡಕ್ಕೆ ತಿಕೋಟಾದಲ್ಲಿ ತಾನು ತಿಂದ ಮಾತನ್ನು ಸಂಜೆ ಆರಕ್ಕೆ ತಂದು ಹೆತ್ತವಳ ಕೈಗೆ ಕೊಟ್ಟಿದ್ದ. ಅವ್ವ ಕೈ ತೆಗೆದಳು, ಆ ಕೈಯನ್ನು ಒಮ್ಮೆ ನೋಡಿಕೊಂಡಳು, ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು.

ಮರುದಿನ ಗಾಂಧಿ ಚೌಕದ ಹತ್ತಿರದ ಅಂಗಡಿಯಲ್ಲಿ ಫಯಾಜ ಲ್ಯಾಪ್‌ಟಾಪನ್ನು ಕಿವಿಗೆ ಹಿಡಿದು ಕೇಳಿ ಮೂರೇ ಮಾತಿನಲ್ಲಿ ಮುಗಿಸಿದ್ದ. “ಆರು ವರ್ಷ ಆಗೇತಂದ್ರ ಥರ್ಮಲ್ ಪೇಸ್ಟ್ ಒಣಗಿರ್ತೈತ್ರಿ ಸರ್. ಪ್ರೊಸೆಸರ್ ಚಿಪ್ಪಿಗೂ ತಾಮ್ರಕ್ಕೂ ನಡುವ ಅದ ಇದ್ದರ ಬಿಸಿ ಆ ಕಡಿ ಹೋಗತೈತಿ, ಇಲ್ಲಾಂದ್ರ ಅಲ್ಲೇ ಕುಂತು ಸುಡತೈತಿ. ಇಟ್ಟ ಹೋಗ್ರಿ, ಮಂಗಳವಾರ ಕೊಡ್ತೀನಿ.” ಮಂಗಳವಾರ ತಿಕೋಟಾದ ನಕ್ಷೆ ಮುಗಿಸಿ ಕೊಡಬೇಕಿತ್ತು, ಆದ್ದರಿಂದ ಇಟ್ಟು ಹೋಗಲಾಗುವುದಿಲ್ಲ ಎಂದು ಸುಭಾಷ ಹೇಳಿದ. ಅದು ನಿಜವೇ. ಆದರೆ ಅದಕ್ಕಿಂತ ದೊಡ್ಡ ನಿಜ ಬೇರೆ ಇತ್ತು: ಆರು ವರ್ಷ ದಿನಾ ತೊಡೆಯ ಮೇಲಿಟ್ಟುಕೊಂಡ ವಸ್ತುವಿನ ಒಳಗೆ ಏನಿದೆಯೆಂದು ತನಗಿಂತ ಮೊದಲು ಫಯಾಜ ನೋಡುವುದು ಅವನಿಗೆ ಸೇರಲಿಲ್ಲ. ಪೇಸ್ಟಿನ ಪುಟ್ಟ ಸಿರಿಂಜು ಕೊಂಡ. “ಮನ್ಯಾಗ ಮಾಡ್ತೀರಿ? ಮಾಡ್ರಿ, ಏನೂ ದೊಡ್ಡ ಕೆಲಸಲ್ಲ. ಬಿಚ್ಚಿದ ಕೂಡ್ಲೆ ಮೊದಲ ಬ್ಯಾಟರಿ ವಾಯರ್ ತಗೀರಿ. ತಿಳೀಲಿಲ್ಲಂದ್ರ ಫೋನ್ ಹಚ್ರಿ,” ಎಂದಿದ್ದ ಫಯಾಜ.

ಹತ್ತೂ ಸ್ಕ್ರೂ ಬಿಚ್ಚಿ, ಅವಧಿ ಮುಗಿದ ಎಟಿಎಂ ಕಾರ್ಡನ್ನು ಸಂದಿಗೆ ತೂರಿಸಿ ಸುತ್ತಲೂ ಸರಿಸಿದ. ಟಕ್ ಟಕ್ ಎಂದು ಒಂದೊಂದೇ ಕೊಂಡಿ ಬಿಡುವಾಗ ಪ್ರತಿ ಸಲ ಏನೋ ಮುರಿಯಿತೆಂದೇ ಹೆದರುತ್ತಿದ್ದ. ಮುಚ್ಚಳ ಬಂತು. ಸುಭಾಷ ಬಗ್ಗಿದ. ಮೊದಲು ಅವನಿಗೆ ಕಂಡದ್ದು ಊರು. ಗುಡ್ಡದ ಮೇಲೆ ನಿಂತು ಕೆಳಗಿನ ಹಳ್ಳಿ ನೋಡಿದಾಗ ಕಾಣುವಂತೆ ಓಣಿ, ಮನೆ, ಬಯಲು, ಎಲ್ಲಕ್ಕೂ ಸರಿಯಾದ ಹದ್ದು, ಎಲ್ಲಿಯೂ ಒತ್ತುವರಿ ಇಲ್ಲ. ಇಂಥ ಊರಿನಲ್ಲಿ ತನ್ನಂಥವನಿಗೆ ಕೆಲಸವಿರುವುದಿಲ್ಲ ಎಂದುಕೊಂಡ. ಹೆದರಬೇಕಾದದ್ದೂ ಮರೆತುಹೋಗಿತ್ತು. ಫಯಾಜ ಹೇಳಿದಂತೆ ಬ್ಯಾಟರಿಯ ವಾಯರು ತೆಗೆದ. ನಡುವಿನಿಂದ ತಾಮ್ರದ ಚಪ್ಪಟೆ ನಳಿಕೆಯೊಂದು ಬಳುಕಿ ಅಂಚಿನ ಫ್ಯಾನಿನ ತನಕ ಹೋಗಿತ್ತು. ಅದರ ಗುಂಟ ಕಣ್ಣು ಹಾಯಿಸುತ್ತ ಫ್ಯಾನಿಗೆ ಬಂದವನು ಅಲ್ಲೇ ನಿಂತ. ಫ್ಯಾನು ಹಳದಿಯಾಗಿತ್ತು. ಫ್ಯಾನಿನ ಎಸಳಿನ ಸಂದುಗಳಲ್ಲಿ, ಗಾಳಿ ಹೊರಗೆ ಹೋಗುವ ತೆಳ್ಳನೆಯ ತಗಡುಗಳ ಬಾಯಲ್ಲಿ, ಅಲ್ಲಿಂದ ಚೆಲ್ಲಿ ಸುತ್ತಲಿನ ಕಪ್ಪು ಹಲಗೆಯ ಮೇಲೂ, ಒಳ್ಳೆ ಗಾಢ ಹಳದಿ.

ಅವನು ಮುಟ್ಟಲಿಲ್ಲ. ಫೋನು ತೆಗೆದು ಎರಡು ಚಿತ್ರ ಹೊಡೆದು ಫಯಾಜನಿಗೆ ಕಳಿಸಿ ಮಾತಾಡಿದ. “ಕರಿ ಧೂಳ ನೋಡೇನ್ರಿ, ಬೆಕ್ಕಿನ ಕೂದಲ ನೋಡೇನ್ರಿ, ಒಮ್ಮೆ ಜಿರಳಿ ಸಂಸಾರನ ನೋಡೇನ್ರಿ. ಹಳದಿ ನೋಡಿಲ್ರಿ ಸರ್. ಏನಂತ ಗೊತ್ತಾದರ ನನಗೂ ಹೇಳ್ರಿ,” ಎಂದ ಫಯಾಜ. ಸುಭಾಷ ಅಡ್ಡಗೋಡೆಗೆ ಒರಗಿ ಕೂತು ವಿಚಾರ ಮಾಡಿದ. ತುಕ್ಕಲ್ಲ, ತುಕ್ಕು ಕೆಂಪು. ಹೂವಿನ ಪುಡಿಯೇ? ಹೂವಿನ ನಡುವೆ ಇವನು ಯಾವತ್ತು ಕೂತಿದ್ದ? ಅಷ್ಟರಲ್ಲಿ ಥಟ್ಟನೆ ಹೊಳೆಯಿತು. ಗಂಧಕ! ತಿಕೋಟಾದ ಕಡೆ ದ್ರಾಕ್ಷಿ ಬಳ್ಳಿಗೆ ಗಂಧಕದ ಪುಡಿ ಹೊಡೆಯುತ್ತಾರೆ. ಒಣದ್ರಾಕ್ಷಿಗೆ ಬಂಗಾರದ ಬಣ್ಣ ಬರಲೆಂದು ಶೆಡ್ಡಿನಲ್ಲಿ ಗಂಧಕದ ಹೊಗೆ ಹಾಕುತ್ತಾರೆ. ಸಂಕ್ರಾಂತಿಯಿಂದ ಈಚೆಗೆ ಎಷ್ಟು ಶೆಡ್ಡಿನಲ್ಲಿ ಅವನು ಬಿಸಿಲು ತಪ್ಪಿಸಿಕೊಳ್ಳಲು ಕೂತಿಲ್ಲ! ಲೆಕ್ಕ ಸರಿಹೋಯಿತು. ಅವನಿಗೆ ಒಳಗೊಳಗೇ ಸಮಾಧಾನವೂ ಆಯಿತು. ಕುರಿ ಮಲಗಿತೇ ಎಂದು ಕೇಳಿದವನ ತೋಟದ ಧೂಳೇ ಕುರಿಯನ್ನು ಮಲಗಿಸಿದ್ದು. ಇದನ್ನು ಆ ಮನುಷ್ಯನಿಗೆ ಯಾವ ಮಾತಿನಲ್ಲಿ ಹೇಳಬೇಕೆಂದು ಎರಡು ಮೂರು ಥರ ಹೇಳಿ ನೋಡಿಕೊಂಡ. ಹೆಂಡತಿ ಹುಬ್ಬು ಕೀಳುವ ಚಿಮಟಾ ತಂದು ಫ್ಯಾನಿಗೂ ತಗಡಿಗೂ ನಡುವೆ ಇಳಿಸಿ ಮೆಲ್ಲಗೆ ಎಳೆದ. ಅಖಂಡವಾಗಿ ಬಂತು, ಬೆರಳುದ್ದದ್ದು, ಧೂಳು ಎಳೆ ಎಲ್ಲ ಹೆಣೆದುಕೊಂಡು ಹಳದಿ ಕಂಬಳಿಯ ಚೂರಿನ ಹಾಗೆ. ಮೂಗಿನ ಹತ್ತಿರ ಹಿಡಿದ. ಕಡ್ಡಿಪೆಟ್ಟಿಗೆಯ ವಾಸನೆ ಬರಬೇಕಿತ್ತು, ಬರಲಿಲ್ಲ. ಸುಟ್ಟ ಧೂಳಿನ ವಾಸನೆ ಬಿಟ್ಟು ಏನೂ ಇರಲಿಲ್ಲ. ಅದನ್ನು ನಕ್ಷೆಯ ಹಾಳೆಯ ಮೂಲೆಗಿಟ್ಟು ಹಿತ್ತಲಿನ ನಲ್ಲಿಗೆ ಕೈ ತೊಳೆಯಲು ಹೋದ.

ಸಾಬೂನು ಉಜ್ಜಿದ. ನೊರೆ ಕೆಂಪಾಯಿತು. ಬೆರಳು ಕೊಯ್ದುಕೊಂಡೆನೇ ಎಂದು ತಿರುಗಿಸಿ ನೋಡಿದ, ಎಲ್ಲಿಯೂ ಗಾಯವಿಲ್ಲ. ಬೆರಳ ತುದಿ, ಉಗುರಿನ ಸಂದು, ಹಳದಿ ಇದ್ದಲ್ಲೆಲ್ಲ ಕೆಂಪು. ಆ ಕೆಂಪು ಅವನಿಗೆ ಹೊಸದಲ್ಲ. ಪಿಯುಸಿ ಮೊದಲ ವರ್ಷ, ಸೋಮವಾರ ಬೆಳಿಗ್ಗೆ ಕನಮಡಿಯ ಬಸ್ಸು ಹತ್ತುವ ಮುಂಚೆ ಅವ್ವ ಹಣೆಗೆ ದೇವರ ಭಂಡಾರ ಒತ್ತುತ್ತಿದ್ದಳು, ಕುಲದವರೆಲ್ಲ ಹಚ್ಚಿಕೊಳ್ಳುವ ಅರಿಷಿಣದ ಪುಡಿ, ಹುಬ್ಬಿನ ತನಕ ಉದುರುವಷ್ಟು. ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದವನೇ ಅವನು ನಲ್ಲಿಗೆ ಹೋಗಿ ಸಾಬೂನಿನ ಚೂರಿನಿಂದ ಹಣೆ ತಿಕ್ಕಿ ತೊಳೆದು ಹಾಸ್ಟೆಲ್ಲಿಗೆ ಹೋಗುತ್ತಿದ್ದ. ಅರಿಷಿಣಕ್ಕೆ ಸಾಬೂನು ಬಿದ್ದರೆ ಕೆಂಪಾಗುತ್ತದೆ. ಟವೆಲ್ಲಿನ ಮೇಲಿನ ಕೆಂಪು ನೋಡಿ ಕೋಣೆಯ ಗೆಳೆಯ ಗಾಯವಾಯಿತೇ ಎಂದು ಕೇಳಿದಾಗ, ಹೌದು ಬಿದ್ದೆ ಎಂದಿದ್ದ. ಒಂದು ಸೋಮವಾರ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಅಪ್ಪ ಬಂದಿದ್ದಾನೆಂದು ಅವನಿಗೆ ಗೊತ್ತಿರಲಿಲ್ಲ. ಹಣೆಯ ತುಂಬ ನೊರೆ ಇರುವಾಗ ಹಿಂದಿನಿಂದ ಅಪ್ಪನ ದನಿ, “ಕಣ್ಣಾಗ ಸಾಬಾಣ ಹೋದೀತು, ಹುಷಾರಿ.” ಅಷ್ಟೇ. ಅಪ್ಪ ಮುಂದೆ ಹದಿನೆಂಟು ವರ್ಷ ಬದುಕಿದ್ದ, ಆ ಬಗ್ಗೆ ಇನ್ನೊಂದು ಮಾತು ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು ಎಂದು ಸುಭಾಷನಿಗೆ ಎಷ್ಟೋ ಸಲ ಅನ್ನಿಸಿತ್ತು. ನೀರು ಸುಮ್ಮನೆ ಹರಿದುಹೋಗುತ್ತಿದೆ ಎಂದು ಆಮೇಲೆ ಎಚ್ಚರವಾಗಿ ನಲ್ಲಿ ತಿರುವಿದ.

ಗಂಧಕ ಕೆಂಪಾಗುವುದಿಲ್ಲ. ಇದು ಅರಿಷಿಣ, ಈ ಮನೆಯದೇ ಭಂಡಾರ. ಆದರೆ ಒಳಗೆ ಹೋದದ್ದು ಹೇಗೆ? ಪೂಜೆಯ ದಿನ ಮೇಲೆ ಹಚ್ಚಿದ್ದು ಉದುರಿ ಬಿದ್ದರೆ ಕೀಲಿಗಳ ಕೆಳಗೆ ಇರಬೇಕು, ಗಾಳಿ ಹೊರಡುವ ಬಾಯಲ್ಲಿ ಇಷ್ಟು ಆಳಕ್ಕೆ ಇರಬಾರದು. ಉದುರಿದ್ದಲ್ಲ, ಯಾರೋ ಒಳಗೆ ಊದಿದ್ದಾರೆ. ಊದಿದ್ದಾರೆ ಎಂಬ ಮಾತು ಮನಸ್ಸಿಗೆ ಬಂದದ್ದೇ ತಡ, ಮೊಣಕಾಲಿನ ನಡುವೆ ಕುರಿಯ ತಲೆ ಒತ್ತಿಹಿಡಿದು ಅಪ್ಪ ಅದರ ಮೂಗಿಗೆ ಎಲೆಯ ಸುರುಳಿಯಿಂದ ಅರಿಷಿಣ ಊದುವುದು ಕಣ್ಣಿಗೆ ಬಂತು. ಕುರಿಯ ಉಸಿರು ಬಿಸಿಯಾಗಿ ಬಂದರೆ ಅಪ್ಪನಿಗೆ ಗೊತ್ತಿದ್ದ ಔಷಧ ಅದೊಂದೇ. ಹೋದ ತಿಂಗಳು ಕಸದ ಬುಟ್ಟಿಯಲ್ಲಿ ತನ್ನದೇ ಒಂದು ಹಳೆಯ ನಕ್ಷೆಯ ಹಾಳೆ ಸಣ್ಣ ಕೊಳವೆಯಾಗಿ ಸುತ್ತಿಕೊಂಡು ಬಿದ್ದದ್ದನ್ನು ಸುಭಾಷ ನೋಡಿದ್ದ. ಮಗಳ ಆಟವೆಂದು ಸುಮ್ಮನಿದ್ದ. ಅದು ಅವ್ವನ ಕೆಲಸ. ಮೊದಲು ಬಂದದ್ದು ಸಿಟ್ಟೇ. ತಿಕೋಟಾದಲ್ಲಿ ಅಷ್ಟು ಮಂದಿಯ ಮುಂದೆ ತಾನು ಹಲ್ಲು ಕಿರಿದದ್ದು ಇದಕ್ಕಾಗಿಯೇ? ಆದರೆ ಸಿಟ್ಟನ್ನು ಮುಂದಕ್ಕೆ ಒಯ್ಯಲು ಹೋದರೆ ಅದು ನಡೆಯಲೊಲ್ಲದು. ಬಿಸಿಯಾದದ್ದು ಮೊದಲು, ಊದಿದ್ದು ಆಮೇಲೆ. ಊದುವ ಮುಂಚೆ ಆಕೆ ಕೇಳಿದ್ದಳು. ಗುರುವಾರ ಒಂದೇ ದಿನವಲ್ಲ, ಸಂಕ್ರಾಂತಿಯಿಂದ ನಾಲ್ಕು ಸಲವಾದರೂ, ಇದಕ್ಕೆ ಏನಾಗಿದೆ ಎಂದು ಕೇಳಿದ್ದಳು. ನಾಲ್ಕು ಸಲವೂ ಅವನು ಅದೇ ಉತ್ತರ ಕೊಟ್ಟಿದ್ದ. ಯಾರೂ ಏನೂ ಹೇಳದಿದ್ದರೆ ಮನುಷ್ಯರು ತಮಗೆ ಗೊತ್ತಿದ್ದ ಔಷಧವನ್ನೇ ಹಾಕಬೇಕಲ್ಲ? ಸುಭಾಷನಿಗೆ ನಾಚಿಕೆಯಾಯಿತು. ಯಾರ ಮುಂದೆಯೂ ಅಲ್ಲದೆ, ಹಿತ್ತಲಿನಲ್ಲಿ ಒಬ್ಬನೇ ನಿಂತು ನಾಚಿಕೆಪಡುವುದು ಅವನಿಗೆ ರೂಢಿ ಇರಲಿಲ್ಲ.

ಈಗ ಇದನ್ನು ಆಕೆಗೆ ಹೇಳುವುದೇ? ನಿನ್ನಿಂದ ಕೆಟ್ಟಿತು ಎಂದರೆ ಆಕೆ ನಾಳೆ ಸಿಟ್ಟಿನ ಜೊತೆ ತಪ್ಪನ್ನೂ ಹೊತ್ತುಕೊಂಡು ಹೋಗುತ್ತಾಳೆ, ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ. ಹೇಳಬಾರದು ಎಂದು ತೀರ್ಮಾನಿಸಿ ಪಡಸಾಲೆಗೆ ಬಂದ. ಸಕ್ರವ್ವ ಅಲ್ಲಿಯೇ ಇದ್ದಳು. ನೀರು ಕುಡಿಯಲು ಹೊರಬಂದವಳು ತಂಬಿಗೆ ಕೈಯಲ್ಲಿ ಹಿಡಿದು ಧೋತರದ ಮೇಲೆ ಹೊಟ್ಟೆ ತೆರೆದು ಬಿದ್ದಿದ್ದ ಲ್ಯಾಪ್‌ಟಾಪನ್ನು ನೋಡುತ್ತಿದ್ದಳು.

“ಬಿಚ್ಚಿಯೇನು?” ಎಂದಳು. ಮೂರು ದಿನದ ಮೇಲೆ ಆಡಿದ ಮಾತು. ಅದನ್ನು ತನಗೆ ಹೇಳಿದಳೋ ಲ್ಯಾಪ್‌ಟಾಪಿಗೆ ಹೇಳಿದಳೋ ಅವನಿಗೆ ಗೊತ್ತಾಗಲಿಲ್ಲ.

“ಹ್ಞೂಂ ಬೇ. ಒಳಗ ಗಂಧಕ ತುಂಬಿತ್ತು. ತಿಕೋಟಾದ ಒಣದ್ರಾಕ್ಷಿ ಶೆಡ್ಡಿನ್ಯಾಗಿಂದು.”

ಸಕ್ರವ್ವ ತಂಬಿಗೆ ಕೆಳಗಿಟ್ಟು ಕುಕ್ಕರಗಾಲಿನಲ್ಲಿ ಕೂತಳು. ಹಾಳೆಯ ಮೇಲಿನ ಹಳದಿ ಚೂರನ್ನು ನೋಡಿದಳು, ಮುಟ್ಟಲಿಲ್ಲ. ಆಮೇಲೆ ಮಗನ ಕೈ ನೋಡಿದಳು. ಉಗುರಿನ ಸಂದಿನಲ್ಲಿ ಸಾಬೂನಿನ ನೊರೆ ಇನ್ನೂ ಹಾಗೇ ಇತ್ತು, ಕೆಂಪಗೆ.

“ಗಂಧಕ ತೊಳದ್ರ ಕೈ ಕೆಂಪಾಗಂಗಿಲ್ಲ,” ಎಂದಳು.

ಸುಭಾಷ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ನಲವತ್ತೆರಡು ವರ್ಷದ ಮನುಷ್ಯ, ಬೆಲ್ಲ ಕದ್ದು ಸಿಕ್ಕಿಬಿದ್ದವನ ಹಾಗೆ.

“ನಾನಾ ಊದೇನಿ,” ಎಂದಳು ಸಕ್ರವ್ವ. “ಸ್ವಾಮಾರಕ್ಕೊಮ್ಮಿ. ನೀ ಜಳಕಕ್ಕ ಹೋದಾಗ. ನಿಮ್ಮಪ್ಪ ಊದತಿದ್ದನಲ್ಲ, ಹಂಗ. ಇದೂ ಆ ಸಂದಿನಾಗ ಬಿಸಿ ಉಸರು ಬಿಡಾಕತ್ತಿತ್ತು. ಬರೇ ಅರಿಷಿಣ ಯಾಕ, ದೇವರ ಭಂಡಾರನ ಇರ್ಲಿ ಅಂತ ಅದನ್ನ ಊದಿದೆ.” ತಂಬಿಗೆ ಪಕ್ಕಕ್ಕೆ ಸರಿಸಿ ಕೇಳಿದಳು: “ಅದರಿಂದನ ಕೆಟ್ಟೈತೇನು?”

ಇಲ್ಲ ಎನ್ನಲು ಅವನಿಗೆ ಇನ್ನೂ ಅವಕಾಶವಿತ್ತು. ಇಲ್ಲ ಎನ್ನುವುದು ದಯೆಯೆಂದೂ ಅನ್ನಿಸಿತು. ಆದರೆ ಆಕೆಯ ಮುಖದಲ್ಲಿ ಹೆದರಿಕೆಗಿಂತ ಹೆಚ್ಚಾಗಿ ತಿಳಿಯಬೇಕೆಂಬ ಆಸೆ ಇತ್ತು, ಸ್ವಲ್ಪ ಹೊತ್ತಿಗೆ ಮುಂಚೆ ಮುಚ್ಚಳ ತೆರೆಯುವಾಗ ತನ್ನ ಮುಖದಲ್ಲಿ ಇದ್ದಿರಬಹುದಾದ ಅದೇ ಆಸೆ. ಈ ಮುಖಕ್ಕೆ ಸುಳ್ಳು ಹೇಳುವುದೂ ನಿನಗೆ ಹೇಳಿ ಏನುಪಯೋಗ ಎನ್ನುವುದೂ ಒಂದೇ ಎಂದು ಅವನಿಗೆ ತಿಳಿಯಿತು.

“ಮೊದಲ ಕೆಟ್ಟಿದ್ದು ನಿನ್ನಿಂದ ಅಲ್ಲ. ಇಲ್ಲಿ ಒಳಗ ಒಂದ ಪೇಸ್ಟ್ ಇರತೈತಿ, ಅದು ಒಣಗಿ ಬಿಸಿ ಆಗಾಕತ್ತಿತ್ತು. ಆಮ್ಯಾಲ ನೀ ಊದಿದ್ದು ಹೋಗಿ ಗಾಳಿ ಹೊರಗ ಹೋಗೂ ಬಾಯಿಗೇ ಕುಂತೈತಿ. ಉಸರು ಕಟ್ಟೈತಿ.”

“ಅಂದ್ರ ಕೆಟ್ಟೈತಿ ಅನ್ನು.”

“ಹೌದು ಬೇ. ಅರ್ಧ ನಿನ್ನಿಂದ.”

“ಅರ್ಧ,” ಎಂದು ಸಕ್ರವ್ವ ತಲೆಯಾಡಿಸಿದಳು, ತನ್ನ ಪಾಲು ಸರಿಯಾಗಿ ಬಂತೋ ಇಲ್ಲವೋ ನೋಡುವವಳ ಹಾಗೆ. ಆಮೇಲೆ ಬೆರಳು ಚಾಚಿ ಕೇಳಿದಳು, “ಈ ನಳಿಗಿ ಏನು?” ಅವನು ಹೇಳಿದ. ಚಿಪ್ಪು ದುಡಿದಷ್ಟೂ ಕಾಯುತ್ತದೆ, ಆ ಕಾವನ್ನು ತಾಮ್ರದ ನಳಿಕೆ ಹೊತ್ತುಕೊಂಡು ಬಂದು ಈ ತಗಡುಗಳಿಗೆ ಕೊಡುತ್ತದೆ, ಫ್ಯಾನು ಅದನ್ನು ಹೊರಗೆ ದಬ್ಬುತ್ತದೆ. ಹೇಳುತ್ತ ಹೇಳುತ್ತ ಅವನಿಗೂ ಅದು ಈಗಲೇ ಸರಿಯಾಗಿ ತಿಳಿದಂತಾಯಿತು. “ಹಂಗಾರ ಈ ಪೇಸ್ಟಿಗೆ ಏನ್ ಕೆಲಸ? ಚಿಪ್ಪಿನ ಮ್ಯಾಲ ತಾಮ್ರ ಹಂಗ ಕುಂದರಂಗಿಲ್ಲೇನು?” ಎಂದಳು. ಒಳ್ಳೆ ಪ್ರಶ್ನೆ, ನಾಲ್ಕು ವಿಡಿಯೊ ನೋಡಿದರೂ ಅವನು ಅದನ್ನು ಕೇಳಿಕೊಂಡಿರಲಿಲ್ಲ. ವಿಚಾರ ಮಾಡಿ, ಎರಡೂ ನುಣ್ಣಗೆ ಕಂಡರೂ ನಡುವೆ ಕಣ್ಣಿಗೆ ಕಾಣದ ತಗ್ಗುಗಳಿರುತ್ತವೆ, ಆ ತಗ್ಗಿನಲ್ಲಿ ಗಾಳಿ ಕೂತರೆ ಬಿಸಿ ದಾಟುವುದಿಲ್ಲ, ತಗ್ಗು ತುಂಬಲು ಪೇಸ್ಟು ಬೇಕು ಎಂದ. ಆಕೆ ಎಲ್ಲವನ್ನೂ ಕೇಳಿ, “ತಗಿ, ನೋಡೂಣು,” ಎಂದಳು.

ತಾಮ್ರದ ಪಟ್ಟಿಯ ಸ್ಕ್ರೂಗಳ ಪಕ್ಕದಲ್ಲಿ ಒಂದರಿಂದ ನಾಲ್ಕರ ತನಕ ಅಂಕಿ ಇದ್ದವು. ನಾಲ್ಕರಿಂದ ಹಿಂದಕ್ಕೆ ಬಿಚ್ಚುತ್ತ ಬಂದ. ಪಟ್ಟಿ ಎದ್ದಾಗ ಕೆಳಗೆ ಪೇಸ್ಟು ಬೂದಿಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟಿತ್ತು, ಉಗುರು ತಾಗಿದರೆ ಹುಡಿ. ಅರಿವೆಗೆ ಸ್ಪಿರಿಟು ಹಾಕಿ ಮೆಲ್ಲಗೆ ಒರೆಸಿದ. ನಾಲ್ಕನೇ ಸಲ ಒರೆಸಿದಾಗ ಚಿಪ್ಪು ಕನ್ನಡಿಯಾಗಿ ಹೊಳೆಯಿತು, ಬೆರಳ ಉಗುರಿನಷ್ಟೇ ಅಗಲದ ಕನ್ನಡಿ, ಅದರಲ್ಲಿ ಅವ್ವನ ಮೂಗುಬಟ್ಟು ಒಂದು ಕ್ಷಣ ಕಂಡು ಹೋಯಿತು. ಸಿರಿಂಜು ಹಿಡಿದ. ಅಕ್ಕಿ ಕಾಳಿನಷ್ಟು ಹಾಕಬೇಕಂತೆ ಎಂದಾಗ ಸಕ್ರವ್ವ, “ಅಕ್ಕಿ ಅಂದ್ರ ಯಾವ ಅಕ್ಕಿ? ಉದ್ದನ್ನದೂ ಇರ್ತಾವು, ಗಿಡ್ಡನ್ನೂ ಇರ್ತಾವು. ಜ್ವಾಳದ ಕಾಳಿನಷ್ಟ ಅನ್ನು,” ಎಂದಳು. ಹೆಚ್ಚಾದರೆ ಹೊರಗೆ ಚೆಲ್ಲುತ್ತದೆ, ಕಡಿಮೆಯಾದರೆ ಮತ್ತೆ ಬಿಚ್ಚಬೇಕು. ಎರಡು ಸಲ ತುದಿ ಇಟ್ಟು ಎರಡು ಸಲ ಎತ್ತಿದ. “ಕೊಡಿಲ್ಲಿ,” ಎಂದಳು ಆಕೆ. ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುವ ಕಣ್ಣು. ಆದರೆ ಎಳೆಮರಿಯ ಕಣ್ಣಿಗೆ ಹನಿ ಬಿಟ್ಟು, ಹುಳ ಬಿದ್ದ ಗಾಯ ತೊಳೆದು ಪಳಗಿದ ಕೈ. ಒಂದೇ ಒತ್ತು. ಚಿಪ್ಪಿನ ನಡುಮಧ್ಯೆ ಒಂದು ಹನಿ ಕೂತಿತು, ಜೋಳದ ಕಾಳಿನಷ್ಟೇ. ಸುಭಾಷ ಅದನ್ನು ಅಳೆಯಲು ಹೋಗಲಿಲ್ಲ.

ಪಟ್ಟಿ ಕೂರಿಸಿ ಒಂದರಿಂದ ನಾಲ್ಕರ ತನಕ ಎದುರುಬದುರಾಗಿ ಬಿಗಿದ. ತಗಡಿನ ಸಂದುಗಳನ್ನು ಮಗಳ ಬಣ್ಣದ ಕುಂಚದಿಂದ ಬಿಡಿಸಿದ. ಉದುರಿದ ಹಳದಿಯನ್ನೆಲ್ಲ ಹಾಳೆಯ ಮೇಲೆ ಕೂಡಿಸಿಕೊಂಡು ಕಸದ ಬುಟ್ಟಿಯ ತನಕ ಹೋದವನು ಅಲ್ಲಿ ನಿಂತ. ಭಂಡಾರ ಕಾಲಿಗೆ ಬರಬಾರದು ಎಂಬುದು ಅವನು ನಡೆಯಲು ಕಲಿಯುವ ಮುಂಚೆ ಕಲಿತದ್ದು. “ಇದನ್ನೇನ್ ಮಾಡ್ಲಿ ಬೇ?” ಎಂದು ಕೇಳಿದ. ಎಷ್ಟು ವರ್ಷದ ಮೇಲೆ ಆಕೆಯನ್ನು ಏನಾದರೂ ಕೇಳಿದ್ದು ಎಂದು ಕೇಳಿದ ಮೇಲೆ ಅನ್ನಿಸಿತು. “ದಾಸಾಳ ಗಿಡದ ಬುಡಕ್ಕ ಹಾಕಿ ನೀರ ಹಾಕು,” ಎಂದಳು. ಹಾಕಿ ಬಂದು, ಬ್ಯಾಟರಿಯ ವಾಯರು ಮತ್ತೆ ಸಿಕ್ಕಿಸಿ, ಮುಚ್ಚಳ ಒತ್ತಿ, ನಕ್ಷೆ ನೋಡಿಕೊಂಡು ಹತ್ತೂ ಸ್ಕ್ರೂ ತಿರುವಿದ. ಒಂದೂ ಉಳಿಯಲಿಲ್ಲ.

ಗುಂಡಿ ಒತ್ತಿದ. ಒಂದು ಕ್ಷಣ ಏನೂ ಆಗಲಿಲ್ಲ, ಅದು ಬಹಳ ದೊಡ್ಡ ಕ್ಷಣ. ಆಮೇಲೆ ಪರದೆ ಬೆಳಗಿತು. ಫ್ಯಾನಿನ ದನಿ ಕೇಳಲು ಕಿವಿ ಹತ್ತಿರ ಒಯ್ಯಬೇಕಾಯಿತು, ಅಷ್ಟು ಹಗುರ. ತಿಕೋಟಾದ ನಕ್ಷೆ ತೆರೆದ. ಮೂರನೇ ಮೂಲೆ ದಾಟಿತು, ನಾಲ್ಕನೆಯದೂ ಬಂತು, ಬಾವಿ ಅಣ್ಣನ ಪಾಲಿಗೆ ಬಿತ್ತು. ಕಾವಿನ ಅಂಕಿ ತೊಂಬತ್ತೇಳಕ್ಕೆ ಏರುತ್ತಿದ್ದದ್ದು ಈಗ ಐವತ್ತಾರಕ್ಕೆ ನಿಂತಿತ್ತು. “ಯವ್ವಾ, ಐವತ್ತಾರ!” ಎಂದು ಸುಭಾಷ ತಿರುಗಿದ. ಸಕ್ರವ್ವ ಅಲ್ಲಿರಲಿಲ್ಲ. ತಂಬಿಗೆ ಇದ್ದಲ್ಲೇ ಇತ್ತು. ಒಳಗಿನಿಂದ ಸೀರೆ ಝಾಡಿಸಿ ಮಡಚುವ ಸಪ್ಪಳ ಕೇಳಿತು, ಬೆಳಿಗ್ಗೆ ಕೇಳಿದ್ದ ಸಪ್ಪಳವೇ.

ಎಲ್ಲ ಮುಗಿದಿದೆ ಎಂದುಕೊಂಡಿದ್ದ. ನಿಜ ಹೇಳಿದ್ದಾಯಿತು, ಆಕೆ ಪಕ್ಕದಲ್ಲಿ ಕೂತದ್ದಾಯಿತು, ಇಬ್ಬರೂ ಕೂಡಿ ಒಂದು ಕೆಲಸ ಮಾಡಿದ್ದಾಯಿತು, ಇನ್ನು ಫೋಟೊ ತಾನಾಗಿಯೇ ಗೋಡೆಗೆ ಏರುತ್ತದೆ ಎಂದು ಹೇಗೋ ನಂಬಿಬಿಟ್ಟಿದ್ದ. ಮಷೀನಿನಲ್ಲಿ ಒಂದು ಸರಿಹೋದರೆ ಅದಕ್ಕೆ ತಗುಲಿದ್ದು ಸರಿಹೋಗುತ್ತದೆ. ಆ ರೂಢಿಯಲ್ಲಿ ಇದನ್ನೂ ಸೇರಿಸಿಕೊಂಡಿದ್ದ. ಆದರೆ ಹೋಗಬೇಡ ಎಂದು ಯಾರೂ ಆಕೆಗೆ ಹೇಳಿರಲಿಲ್ಲ. ಎದ್ದು ಒಳಕೋಣೆಯ ಬಾಗಿಲಿಗೆ ಹೋಗಿ ಚೌಕಟ್ಟು ಹಿಡಿದು ನಿಂತ. ಚಾಪೆಯ ಮೇಲೆ ಕೂತಿದ್ದ ಅವ್ವ ತಲೆ ಎತ್ತಿದಳು.

“ಸುರು ಆತು ಬೇ.”

“ಕೇಳಸ್ತು. ಛಲೋ ಆತು.”

“ನಾಳಿ ಹೋಗಬ್ಯಾಡ.”

“ಯಾಕ?” ಎಂದಳು ಸಕ್ರವ್ವ.

ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ನಳಿಕೆ ಏನು, ಪೇಸ್ಟಿಗೆ ಏನು ಕೆಲಸ ಎಂದು ಕೇಳಿದ ಹಾಗೆಯೇ ಕೇಳಿದ್ದಳು, ಉತ್ತರ ಬಂದರೆ ತಿಳಿದುಕೊಳ್ಳುವವಳಂತೆ. ಸುಭಾಷ ಉತ್ತರ ಹುಡುಕಿದ. ಮಹಾನಂದಾ ಶಾಲೆಯ ಕೆಲಸಕ್ಕೆ ಹೋದರೆ ಮನೆಯಲ್ಲಿ ಯಾರೂ ಇರುವುದಿಲ್ಲ. ಮಗಳು ಅಜ್ಜಿಯಿಲ್ಲದೆ ಊಟ ಮಾಡುವುದಿಲ್ಲ. ಕನಮಡಿಯಲ್ಲಿ ಬಿಸಿಲು ಹೆಚ್ಚು, ರೇವಪ್ಪನ ಮನೆಯ ಮೇಲೆ ತಗಡು. ಒಂದೊಂದನ್ನೇ ನಾಲಿಗೆಯ ತುದಿಗೆ ತಂದು ನೋಡಿದರೆ ಎಲ್ಲವೂ ಕೆಲಸದ ಮಾತುಗಳು, ಅನುಕೂಲದ ಮಾತುಗಳು. ಒಂದೊಂದಕ್ಕೂ ಆಕೆಯ ಹತ್ತಿರ ಬೇರೆ ದಾರಿ ಇರುತ್ತದೆ. ತಪ್ಪಾಯಿತು ಎನ್ನಬಹುದಿತ್ತು, ತಪ್ಪಾಗಿಯೂ ಇತ್ತು, ಆದರೆ ಆಕೆ ಕೇಳಿದ್ದು ಅದನ್ನಲ್ಲ. ಆಕೆ ಇಲ್ಲದ ಈ ಮನೆಯನ್ನು ನೆನೆಸಿಕೊಳ್ಳಲು ಹೋದ. ಬಂದದ್ದು ಹೆದರಿಕೆಯೇ, ಸಣ್ಣವನಿದ್ದಾಗಿನದು.

“ಗೊತ್ತಿಲ್ಲ,” ಎಂದ. “ಹೋಗಬ್ಯಾಡ ಅಷ್ಟ. ಯಾಕಂತ ನನಗ ತಿಳಿವಲ್ದು ಬೇ.”

ಸಕ್ರವ್ವ ಅರ್ಧ ಮಡಚಿದ ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಚಾಪೆಯ ಮೇಲೆ ಒಬ್ಬರು ಕೂರುವಷ್ಟು ಸರಿದಳು.

“ಕುಂದರು,” ಎಂದಳು. “ತಿಳಿಯೂ ತನಕಾ ಕುಂದರು.”